ಬಿಟ್ಟುಕೊಟ್ಟದ್ದು ಯಾರ ಹಣ?

ವಿವಾಹ ವಿಚ್ಛೇದನದ ಮಾತುಕತೆ ಮುಗಿದು ಕಾಗದಗಳಿಗೆ ರುಜು ಬಿದ್ದ ಮೇಲೆ ಸಮಾಜದ ಹಿರಿಯರ ಬಾಯಿಂದ ಒಂದು ಪ್ರಶಂಸೆಯ ಮಾತು ಹೊರಡುವುದುಂಟು: "ಹುಡುಗಿ ದೊಡ್ಡ ಮನಸ್ಸಿನವಳು. ಒಂದು ರೂಪಾಯಿ ಕೇಳದೆ ಮಗುವನ್ನು ಎತ್ತಿಕೊಂಡು ಹೊರಟುಬಂದಳು." ಕೇಳಿದವರು ತಲೆದೂಗುತ್ತಾರೆ. ತವರಿನವರಿಗೆ ಮಾನ ಉಳಿಯಿತೆಂಬ ಸಮಾಧಾನ, ಗಂಡನ ಮನೆಯವರಿಗೆ ಗಂಟು ಉಳಿಯಿತೆಂಬ ಸಮಾಧಾನ. ಮಧ್ಯಸ್ಥಿಕೆ ವಹಿಸಿದ ಪಂಚರಿಗೆ ಒಂದೇ ಬೈಠಕಿನಲ್ಲಿ ಕೆಲಸ ಮುಗಿಸಿದ ಸಮಾಧಾನ. ಇಂಥ ಹೊಗಳಿಕೆಯಷ್ಟು ಅಗ್ಗದ ವಸ್ತು ಪೇಟೆಯಲ್ಲಿ ಮತ್ತೊಂದಿರಲಾರದು. ಏಕೆಂದರೆ ಅದರ ಬೆಲೆಯನ್ನು ಹೊಗಳಿದವರು ತೆರುವುದಿಲ್ಲ, ಆ ಬೈಠಕಿನಲ್ಲಿ ಬಾಯಿಯೇ ಇಲ್ಲದ ಮಗು ತೆರುತ್ತದೆ.

ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡುವುದು ಉಚಿತ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಅಣಶಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ, 2007ರಲ್ಲಿ ದಾಂಡೇಲಿ ಅಭಯಾರಣ್ಯದೊಡನೆ ಹುಲಿ ಸಂರಕ್ಷಿತ ಪ್ರದೇಶವಾದ, 2015ರಿಂದ ಕಾಳಿ ನದಿಯ ಹೆಸರನ್ನು ಹೊತ್ತಿರುವ ಕಾಡಿನ ನಡುವಣ ಊರು. ಹಳಿಯಾಳ ಅಥವಾ ಮುಂಡಗೋಡದ ವ್ಯಾಪಾರಿ ಮನೆತನದ ಹೆಣ್ಣುಮಗಳೊಬ್ಬಳು ಇಂಥ ಊರಿನ ಸರ್ಕಾರಿ ಶಾಲೆಗೆ ಶಿಕ್ಷಕಿಯಾಗಿ ಬಂದಿರುವಳೆಂದೂ, ಪರಸ್ಪರ ಒಪ್ಪಿಗೆಯ ವಿಚ್ಛೇದನವಾಗಿ ನಾಲ್ಕು ವರ್ಷದ ಮಗಳೊಡನೆ ಬಾಡಿಗೆಯ ಮನೆಯಲ್ಲಿ ವಾಸವಾಗಿರುವಳೆಂದೂ ಊಹಿಸಬಹುದು. ಕೈಗೆ ಬರುವ ಸಂಬಳ 40,000 ರೂಪಾಯಿ. ಮಗುವಿನ ತಂದೆಯದು 60,000. ಮಗುವಿನ ಊಟ, ಬಟ್ಟೆ, ಔಷಧಿ, ಶಾಲೆ, ತಾಯಿ ಪಾಠ ಹೇಳುವಾಗ ಮಗುವನ್ನು ನೋಡಿಕೊಳ್ಳುವವಳ ಕೂಲಿ, ಇವೆಲ್ಲಕ್ಕೂ ತಿಂಗಳಿಗೆ 12,000 ರೂಪಾಯಿ ಹಿಡಿಯೋಣ.

ತಂದೆತಾಯಿ ಇಬ್ಬರೂ ದುಡಿಯುವಾಗ ಮಗುವಿನ ಪೋಷಣೆಯ ಹೊಣೆ ಇಬ್ಬರದೆಂದೂ, ಅದನ್ನು ಅವರವರ ಆದಾಯದ ಪ್ರಮಾಣಕ್ಕೆ ತಕ್ಕಂತೆ ಹಂಚಬಹುದೆಂದೂ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಪದ್ಮಜಾ ಶರ್ಮಾ ಪ್ರಕರಣದಲ್ಲಿ ತೋರಿಸಿಕೊಟ್ಟಿತು. ಅಲ್ಲಿ ತಂದೆಗೆ ಎರಡು ಪಾಲು, ತಾಯಿಗೆ ಒಂದು ಪಾಲು ಬಿದ್ದಿತು. ಅದೇ ಕ್ರಮದಲ್ಲಿ ಮೇಲಿನ ಲೆಕ್ಕ ಮಾಡಿದರೆ ತಂದೆಯ ಪಾಲು 7,200 ರೂಪಾಯಿ, ತಾಯಿಯ ಪಾಲು 4,800 ರೂಪಾಯಿ. ಮಗಳಿಗೆ ಹದಿನೆಂಟು ತುಂಬಲು ಇನ್ನು 168 ತಿಂಗಳು. ಬೆಲೆಗಳು ಒಂದು ಕಾಸೂ ಏರುವುದಿಲ್ಲವೆಂಬ ಅಸಾಧ್ಯವಾದ ಊಹೆಯ ಮೇಲೂ ತಂದೆಯ ಪಾಲಿನ ಮೊತ್ತ 12,09,600 ರೂಪಾಯಿ ಆಗುತ್ತದೆ. "ಒಂದು ರೂಪಾಯಿ ಕೇಳಲಿಲ್ಲ" ಎಂಬ ಮಾತಿನ ನಿಜವಾದ ಅರ್ಥ ಇದು: ನಾಲ್ಕು ವರ್ಷದ ಬಾಲೆಯ ಖಾತೆಯಿಂದ ಹನ್ನೆರಡು ಲಕ್ಷವನ್ನು ತೆಗೆದು ಆಕೆಯ ತಂದೆಯ ಖಾತೆಗೆ ಜಮಾ ಮಾಡಲಾಯಿತು. ಕೀರ್ದಿ ಬರೆಯಲು ಬಲ್ಲ ಯಾವ ವರ್ತಕನೂ ಇದನ್ನು ದಾನವೆಂದು ಖರ್ಚು ಬರೆಯಲಾರ. ದಾನ ಕೊಡುವವನಿಗೆ ವಸ್ತುವಿನ ಮೇಲೆ ಒಡೆತನವಿರಬೇಕು. ತಾಯಿಯು ತನ್ನ ಜೀವನಾಂಶವನ್ನು ಬಿಟ್ಟುಕೊಡಬಹುದು, ಅದು ಆಕೆಯ ಇಷ್ಟ. ಮಗುವಿನ ಪೋಷಣೆಯ ಹಕ್ಕು ಮಗುವಿನದು. ಅದನ್ನು ಬಿಟ್ಟುಕೊಡಲು ತಾಯಿಗೆ ಅಧಿಕಾರವಿಲ್ಲವೆಂಬುದು ನ್ಯಾಯಾಲಯಗಳು ಒಪ್ಪಿಕೊಂಡು ಬಂದಿರುವ ತತ್ತ್ವ. ಪಂಚರ ಮುಂದೆ ಬರೆದ ಒಪ್ಪಿಗೆ ಪತ್ರದಲ್ಲಿ "ಮುಂದೆ ಯಾವ ತಕರಾರೂ ಇಲ್ಲ" ಎಂಬ ಸಾಲು ಇದ್ದ ಮಾತ್ರಕ್ಕೆ ಮಗುವಿನ ಬಾಗಿಲು ಮುಚ್ಚುವುದಿಲ್ಲ.

ಇಲ್ಲಿ ಎದ್ದು ನಿಲ್ಲುವ ಮೊದಲ ಆಕ್ಷೇಪ ಪರಿಚಿತವೇ: "ಆಕೆ ದುಡಿಯುತ್ತಾಳಲ್ಲ, ಸರ್ಕಾರಿ ಸಂಬಳವಿದೆಯಲ್ಲ, ಇನ್ನೇಕೆ?" ಈ ಆಕ್ಷೇಪದೊಳಗೆ ಒಂದು ವಿಚಿತ್ರ ತರ್ಕ ಅಡಗಿದೆ. ಹೆಣ್ಣು ದುಡಿಯದಿದ್ದರೆ ಆಕೆ ಹೊರೆ. ದುಡಿದರೆ ಆಕೆಯ ದುಡಿಮೆಯೇ ಮತ್ತೊಬ್ಬನ ಋಣಮುಕ್ತಿಯ ಪತ್ರ. ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ತರ್ಕವನ್ನು ತಳ್ಳಿಹಾಕಿತು. ಹೆಂಡತಿ ಸಂಪಾದಿಸುತ್ತಾಳೆ ಎಂಬುದಷ್ಟೇ ಜೀವನಾಂಶವನ್ನು ನಿರಾಕರಿಸಲು ಕಾರಣವಾಗದು; ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲಗಳನ್ನು ಪ್ರಮಾಣ ಪತ್ರದಲ್ಲಿ ತೋರಿಸಬೇಕು; ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು ಎಂದು ಆ ತೀರ್ಪು ವಿಧಿಸಿತು. ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿ ತಿಂಗಳಿಗೆ ಐನೂರು ರೂಪಾಯಿ ಎಂಬ ಮಿತಿ ಇದ್ದ ಕಾಲವೊಂದಿತ್ತು. 2001ರ ತಿದ್ದುಪಡಿಯಿಂದ ಆ ಮಿತಿ ಹೋಯಿತು. 2024ರ ಜುಲೈ 1ರಿಂದ ಅದೇ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿ ಮುಂದುವರಿದಿದೆ. ಅರ್ಜಿಯನ್ನು ಗಂಡನ ಊರಿನಲ್ಲೇ ಹಾಕಬೇಕೆಂದಿಲ್ಲ, ಹೆಂಡತಿ ವಾಸಿಸುವ ಕಡೆಯೂ ಹಾಕಬಹುದು. ಘಟ್ಟದ ಮೇಲಿನ ಊರಿನಲ್ಲಿರುವವಳಿಗೆ ಈ ಒಂದು ಸೌಲಭ್ಯದ ಬೆಲೆ ಮಳೆಗಾಲದಲ್ಲಿ ಕದ್ರಾದ ರಸ್ತೆಯನ್ನು ಇಳಿದು ಬಲ್ಲವರಿಗೆ ಗೊತ್ತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಬಸ್ಸಿನ ಟಿಕೆಟಿನ ಖರ್ಚನ್ನು ಉಳಿಸಿತು. ನ್ಯಾಯಾಲಯದ ಪ್ರತಿಯೊಂದು ತಾರೀಖಿಗೆ ಹಾಕಬೇಕಾದ ರಜೆಯನ್ನು ಅದು ಉಳಿಸಲಾರದು.

ಎರಡನೆಯ ಆಕ್ಷೇಪ ಕಾನೂನಿನದು. ಜೈನರಿಗೆ ಹಿಂದೂ ವಿವಾಹ ಕಾಯಿದೆ ಹತ್ತುವುದಿಲ್ಲ, ಆದ್ದರಿಂದ ಎಲ್ಲವನ್ನೂ ಸಮಾಜದೊಳಗೇ ತೀರಿಸಿಕೊಳ್ಳಬೇಕೆಂದು ಹೇಳುವವರಿಗೆ ಇತ್ತೀಚೆಗೆ ಒಂದು ನೆಪ ಸಿಕ್ಕಿತ್ತು. 2014ರಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ್ದನ್ನು ಆಧಾರವಾಗಿಟ್ಟುಕೊಂಡು ಇಂದೋರಿನ ಕುಟುಂಬ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ಜೈನ ದಂಪತಿಗಳ ವಿಚ್ಛೇದನದ ಅರ್ಜಿಯೊಂದನ್ನು ತಿರಸ್ಕರಿಸಿತು. ಮಧ್ಯಪ್ರದೇಶದ ಉಚ್ಚ ನ್ಯಾಯಾಲಯವು ಮುಂದಿನ ತಿಂಗಳೇ ಆ ಆದೇಶವನ್ನು ರದ್ದುಗೊಳಿಸಿತು. 1955ರ ಕಾಯಿದೆಯ ಎರಡನೆಯ ಕಲಮಿನಲ್ಲಿ ಜೈನರ ಹೆಸರು ಸ್ಪಷ್ಟವಾಗಿಯೇ ಇದೆ. ಅಲ್ಪಸಂಖ್ಯಾತರೆಂಬ ಮಾನ್ಯತೆಯಿಂದ ಅದು ಅಳಿಸಿಹೋಗುವುದಿಲ್ಲ. ಕಾನೂನಿನ ಆಕ್ಷೇಪಕ್ಕೆ ಇಷ್ಟು ಸಾಕು.

ಮೂರನೆಯ ಆಕ್ಷೇಪಕ್ಕೆ ಧರ್ಮದ ಉಡುಪಿದೆ. ಆದುದರಿಂದಲೇ ಅದು ಹೆಚ್ಚು ಅಪಾಯಕರವಾದುದು. "ಅಪರಿಗ್ರಹ ಜೈನರ ಪರಮ ವ್ರತ. ಹಣಕ್ಕಾಗಿ ಜಗ್ಗಾಡುವುದು ಶ್ರಾವಿಕೆಗೆ ಶೋಭಿಸದು" ಎಂಬ ಉಪದೇಶ ಇಂಥ ಸಂದರ್ಭಗಳಲ್ಲಿ ಧಾರಾಳವಾಗಿ ಹರಿಯುತ್ತದೆ. ಅದನ್ನು ಉಪದೇಶಿಸುವವರ ತಿಜೋರಿಗಳನ್ನು ಇಲ್ಲಿ ಎಣಿಸಬೇಕಾಗಿಲ್ಲ. ಆದರೆ ವ್ರತದ ಸ್ವರೂಪವನ್ನು ಸರಿಯಾಗಿ ತಿಳಿಯುವುದು ಅಗತ್ಯ. ಸರ್ವಪರಿಗ್ರಹ ತ್ಯಾಗ ಮುನಿಗಳಿಗೆ. ಗೃಹಸ್ಥನಿಗೆ ಹೇಳಿರುವುದು ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ ಇವುಗಳಿಗೆ ತಾನೇ ಒಂದು ಅಳತೆಯನ್ನು ಕಟ್ಟಿಕೊಂಡು ಅದನ್ನು ಮೀರದಿರುವುದು. ಅಳತೆ ಕಟ್ಟುವವನಿಗೆ ಮೊದಲು ತನ್ನಲ್ಲಿ ಎಷ್ಟಿದೆಯೆಂಬುದು ತಿಳಿದಿರಬೇಕು. ತನ್ನ ಒಡವೆ ಎಷ್ಟು ಗ್ರಾಂ ಎಂದು ತಿಳಿಯದ, ತನ್ನ ಸಂಬಳದ ಖಾತೆಯ ಪುಸ್ತಕವನ್ನು ಕಂಡಿರದ, ತನ್ನ ಹೆಸರಿನಲ್ಲಿ ಯಾವ ಠೇವಣಿ ಇದೆಯೆಂದು ಅಣ್ಣನನ್ನು ಕೇಳಬೇಕಾದ ಹೆಣ್ಣುಮಗಳು ಯಾವುದಕ್ಕೆ ಪರಿಮಾಣ ಕಟ್ಟಿಯಾಳು? ಲೆಕ್ಕವೇ ಕೈಯಲ್ಲಿಲ್ಲದವಳಿಂದ ತ್ಯಾಗವನ್ನು ನಿರೀಕ್ಷಿಸುವುದು ವ್ರತೋಪದೇಶವಲ್ಲ, ವ್ರತದ ಹೆಸರಿನ ವ್ಯಾಪಾರ.

ಅಷ್ಟಕ್ಕೂ ವ್ರತಗಳ ವಿಚಾರ ಎತ್ತುವುದಾದರೆ ಒಂದೇ ವ್ರತವನ್ನು ಏಕೆ ಎತ್ತಬೇಕು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರವೆಂಬುದನ್ನು ಹೇಳಿದ್ದಾರೆ. ನ್ಯಾಸವೆಂದರೆ ನಂಬಿ ಇಟ್ಟ ಗಂಟು. ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಟ್ಟ ವಿವರಣೆ ಬಹು ಸೂಕ್ಷ್ಮವಾದುದು. ಚಿನ್ನ ಮೊದಲಾದ ದ್ರವ್ಯವನ್ನು ಇಟ್ಟವನು ಅದರ ಎಣಿಕೆಯನ್ನು ಮರೆತು ಕಡಿಮೆಯನ್ನು ಕೇಳುತ್ತಾನೆ. ಇಟ್ಟುಕೊಂಡವನು ನಿಜ ತಿಳಿದಿದ್ದೂ "ಹೌದು, ಅಷ್ಟೇ" ಎಂದು ಒಪ್ಪಿ ಅಷ್ಟನ್ನೇ ಹಿಂತಿರುಗಿಸುತ್ತಾನೆ. ಅದೇ ನ್ಯಾಸಾಪಹಾರ. ಗಮನಿಸಬೇಕಾದುದು ಇಷ್ಟು: ಇಟ್ಟುಕೊಂಡವನು ಇಲ್ಲಿ ಕದ್ದಿಲ್ಲ, ಕೇಳಿದ್ದಕ್ಕಿಂತ ಕಡಿಮೆ ಕೊಟ್ಟಿಲ್ಲ, ಬಾಯಿಬಿಟ್ಟು ಸುಳ್ಳು ಲೆಕ್ಕ ಒಪ್ಪಿಸಿಯೂ ಇಲ್ಲ. ಎದುರಿನವರ ಮರೆವಿಗೆ "ಹೌದು" ಎಂದ ಮಾತ್ರಕ್ಕೆ ಸತ್ಯವ್ರತಕ್ಕೆ ಕಲೆ ಹತ್ತಿತು. ಶತಮಾನಗಳ ಹಿಂದೆ ಬರೆದ ಈ ವಿವರಣೆಯನ್ನು ಓದುವವನಿಗೆ, ಮದುವೆಯಲ್ಲಿ ತಂದ ಒಡವೆಗಳ ಪಟ್ಟಿಯಿಲ್ಲದೆ ಪಂಚರ ಮುಂದೆ ನೆನಪಿದ್ದಷ್ಟನ್ನು ಹೇಳುತ್ತಿರುವ ಸೊಸೆಯೂ, ಕಪಾಟಿನ ಬೀಗದ ಕೈಯನ್ನು ಸೆರಗಿನಲ್ಲಿಟ್ಟುಕೊಂಡು "ಅಷ್ಟೇ ಇದ್ದದ್ದು" ಎನ್ನುವ ಅತ್ತೆಯೂ ಕಣ್ಣ ಮುಂದೆ ಬರುತ್ತಾರೆ.

ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಸ್ತ್ರೀಧನ ಹೆಣ್ಣಿನ ಸ್ವಂತ ಸೊತ್ತು. ಗಂಡನ ಮನೆಯವರ ಕೈಯಲ್ಲಿ ಅದು ನಂಬಿ ಒಪ್ಪಿಸಿದ ವಸ್ತು ಮಾತ್ರ. ಹಿಂತಿರುಗಿಸದಿರುವುದು ವಿಶ್ವಾಸದ್ರೋಹದ ಅಪರಾಧ. ಆಚಾರ್ಯರ ನ್ಯಾಸಕ್ಕೂ ನ್ಯಾಯಾಧೀಶರ ಮಾತಿಗೂ ಇಲ್ಲಿ ಅಂತರವಿಲ್ಲ. ಅಂತರವಿರುವುದು ಸಮಾಜದ ರೂಢಿಯಲ್ಲಿ.

ಆ ರೂಢಿಯ ಇನ್ನೊಂದು ಕೈಚಳಕವನ್ನು ವರ್ತಕರಾದವರು ಬೇಗ ಗುರುತಿಸಬಲ್ಲರು. ಒಡವೆಗಳನ್ನು ಹಿಂದಕ್ಕೆ ಕೊಡುವ ಬದಲು "ಮದುವೆಯಲ್ಲಿ ಎಷ್ಟಕ್ಕೆ ಕೊಂಡಿರೋ ಅಷ್ಟನ್ನು ನಗದಾಗಿ ಕೊಡುತ್ತೇವೆ" ಎಂದು ಚುಕ್ತಾ ಮಾಡುವುದು. 2015ರಲ್ಲಿ ಹತ್ತು ಗ್ರಾಂ ಬಂಗಾರದ ಬೆಲೆ ಸುಮಾರು 26,000 ರೂಪಾಯಿ ಇತ್ತು. 2025ರಲ್ಲಿ ಅದು ಒಂದು ಲಕ್ಷವನ್ನು ದಾಟಿತು. ಎಂಬತ್ತು ಗ್ರಾಂ ಒಡವೆಗೆ 2,08,000 ರೂಪಾಯಿ ಎಣಿಸಿ ಕೈತೊಳೆದುಕೊಂಡರೆ, ಎಂಟು ಲಕ್ಷಕ್ಕೂ ಮೀರಿದ ಬಂಗಾರ ಕಾಲು ಬೆಲೆಗೆ ಮನೆಯಲ್ಲೇ ಉಳಿಯಿತು. ಇದು ಕೊಳ್ಳುವಾಗ ಒಂದು ತಕ್ಕಡಿ, ಕೊಡುವಾಗ ಇನ್ನೊಂದು ತಕ್ಕಡಿ ಹಿಡಿಯುವ ಕ್ರಮ; ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂಬ ಹೆಸರಿನಿಂದ ಅಂಗಡಿಕಾರರಿಗೆಲ್ಲ ಚೆನ್ನಾಗಿ ಪರಿಚಯವಿರುವ ದೋಷ. ಕೇರಳದ ಪ್ರಕರಣವೊಂದರಲ್ಲಿ 89 ಪವನು ಬಂಗಾರಕ್ಕೆ 2009ರ ಲೆಕ್ಕದಂತೆ 8,90,000 ರೂಪಾಯಿ ಎಂದಿದ್ದುದನ್ನು ಸರ್ವೋಚ್ಚ ನ್ಯಾಯಾಲಯವು 2024ರ ಏಪ್ರಿಲಿನಲ್ಲಿ, ಕಾಲ ಸರಿದುದನ್ನೂ ಜೀವನವೆಚ್ಚ ಏರಿದುದನ್ನೂ ಗಣಿಸಿ, 25 ಲಕ್ಷಕ್ಕೆ ಏರಿಸಿತು. ಬಂಗಾರವನ್ನು ಬಂಗಾರವಾಗಿಯೇ ಹಿಂತಿರುಗಿಸಿದ್ದರೆ ನ್ಯಾಯಾಲಯಕ್ಕೆ ಈ ಶ್ರಮವೂ ಇರುತ್ತಿರಲಿಲ್ಲ.

ಜೀವನಾಂಶ ಕೊಡಬೇಕಾದಾಗ ಅಂಗಡಿಯ ವಹಿವಾಟು ತಟ್ಟನೆ ತಂದೆಯ ಹೆಸರಿಗೋ ತಮ್ಮನ ಹೆಸರಿಗೋ ಹೋಗಿ, ನಿನ್ನೆಯವರೆಗೆ ಗಲ್ಲೆಯ ಮೇಲೆ ಕುಳಿತಿದ್ದ ಮಾಲಿಕ ಇಂದು ಅದೇ ಅಂಗಡಿಯ ಗುಮಾಸ್ತನಾಗುವ ಚಮತ್ಕಾರವನ್ನು ನ್ಯಾಯಾಲಯಗಳು ಬಲ್ಲವು. ಪ್ರಮಾಣ ಪತ್ರದ ನಿಯಮ ಬಂದದ್ದೇ ಅದಕ್ಕಾಗಿ. ಸುಳ್ಳು ಲೇಖ್ಯವನ್ನು ಸೃಷ್ಟಿಸುವುದಕ್ಕೆ ಕೂಟಲೇಖಕ್ರಿಯೆ ಎಂದು ಹೆಸರು. ಅದೂ ನ್ಯಾಸಾಪಹಾರದ ಪಕ್ಕದಲ್ಲೇ ಅದೇ ಸೂತ್ರದಲ್ಲಿ ಕುಳಿತಿದೆ.

ಇಷ್ಟು ಹೇಳಿ ಗಂಡನ ಮನೆಯವರನ್ನು ಮಾತ್ರ ದೂರಿದರೆ ಅರ್ಧ ಸತ್ಯವಾದೀತು. ತವರಿನವರ ವರ್ತನೆಯನ್ನೂ ಪರೀಕ್ಷಿಸಬೇಕು. ವಿಚ್ಛೇದಿತೆಯಾಗಿ ಮರಳಿದ ಮಗಳನ್ನು ಆದರದಿಂದ ಕಾಣುವ ತಂದೆ, ಅಣ್ಣಂದಿರು ಸಮಾಜದಲ್ಲಿ ಬಹಳವಿದ್ದಾರೆ, ಅವರಿಗೆ ಗೌರವ ಸಲ್ಲಬೇಕು. ಆದರೆ ಆದರದ ಹಿಂದೆಯೇ ಆಕೆಯ ಎ.ಟಿ.ಎಂ. ಕಾರ್ಡು ಅಣ್ಣನ ಜೇಬಿಗೆ ಹೋಗುತ್ತದೆ. "ಕಾಡಿನ ಊರಿನಲ್ಲಿರುವ ನಿನಗೆ ಬ್ಯಾಂಕಿನ ಓಡಾಟ ಏಕೆ" ಎಂಬ ಪ್ರೀತಿಯ ಮಾತಿನೊಡನೆ ಸಂಬಳ ಅಂಗಡಿಯ ಬಂಡವಾಳದಲ್ಲಿ ಬೆರೆಯುತ್ತದೆ. ಹಿಂದಿರುಗಿ ಬಂದ ಒಡವೆ ಅಡವಾಗುತ್ತದೆ. ಸರ್ಕಾರಿ ನೌಕರಳೆಂಬ ಕಾರಣಕ್ಕೆ ಅಣ್ಣನ ಸಾಲಕ್ಕೆ ಆಕೆಯೇ ಜಾಮೀನು. ಮೋಸದ ಉದ್ದೇಶ ಯಾರಿಗೂ ಇರಲಿಕ್ಕಿಲ್ಲ. ಹತ್ತು ವರ್ಷ ಕಳೆದು ಮಗಳನ್ನು ಕಾಲೇಜಿಗೆ ಸೇರಿಸುವ ದಿನ ಬಂದಾಗ ಮಾತ್ರ ಆಕೆಯ ಹಣ ಎಲ್ಲಿದೆಯೆಂದು ಹೇಳಬಲ್ಲ ಒಂದು ಪುಟವೂ ಆ ಮನೆಯ ಲೆಕ್ಕಪುಸ್ತಕದಲ್ಲಿ ಸಿಗುವುದಿಲ್ಲ. ಪರಊರಿನ ಅಡತಿಯವನಿಗೆ ಪೈಸೆ ಪೈಸೆಗೂ ಖಾತೆ ತೆರೆಯುವ ಮನೆತನ ತನ್ನ ಮಗಳಿಗೆ ಖಾತೆ ತೆರೆಯದಿರುವುದು ಪ್ರೀತಿಯ ಲಕ್ಷಣವೆಂದು ಒಪ್ಪುವುದು ಕಷ್ಟ.

ತೆಲಂಗಾಣದ ಪ್ರಕರಣವೊಂದರಲ್ಲಿ ವಿಚ್ಛೇದಿತ ಮಗಳ ಸ್ತ್ರೀಧನವನ್ನು ಮರಳಿ ಕೊಡಿಸಬೇಕೆಂದು ತಂದೆಯೇ ದೂರು ಕೊಟ್ಟಿದ್ದರು. ಮಗಳು ಅಧಿಕಾರ ಕೊಡದೆ ತಂದೆಗೂ ಅದನ್ನು ಕೇಳುವ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟಿನಲ್ಲಿ ಹೇಳಿತು. ಕೆಲವರಿಗೆ ಈ ತೀರ್ಪು ಕಠಿಣವೆನಿಸಿತು. ವಾಸ್ತವದಲ್ಲಿ ಅದು ಹೆಣ್ಣಿನ ಸೊತ್ತು ಗಂಡನಿಂದ ತಂದೆಗೆ, ತಂದೆಯಿಂದ ಅಣ್ಣನಿಗೆ ಕೈ ಬದಲಾಯಿಸುವ ಸರಕಲ್ಲವೆಂದು ಹೇಳಿದ ತೀರ್ಪು.

ಸಂಬಳವಿಲ್ಲದೆ ಕೂಲಿಯ ಮೇಲೆ, ಅಡಿಗೆಯ ಕೆಲಸದ ಮೇಲೆ, ಕಾಡಿನ ಹೋಂಸ್ಟೇಗಳ ಕೆಲಸದ ಮೇಲೆ ಬದುಕುವ ತಾಯಂದಿರ ಸ್ಥಿತಿ ಇದಕ್ಕಿಂತ ಬಿಗಿ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಸಲ್ಲುವುದು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರಿರುವ ಮಹಿಳೆಗೆ. ತವರಿನ ಚೀಟಿಯಲ್ಲಿ ಕೊನೆಯ ಹೆಸರಾಗಿ ಸೇರಿಕೊಂಡ ಮಗಳು ಎಷ್ಟು ದುಡಿದರೂ ಆ ಮನೆಯ ಯಜಮಾನಿಯಲ್ಲ. ಬೇರೆ ಒಲೆ ಹೂಡಿದವಳಿಗೆ ಬೇರೆ ಚೀಟಿ ಮಾಡಿಸಿಕೊಡುವುದು ತವರಿನವರು ಮಾಡಬಹುದಾದ ಮೊದಲ ಉಪಕಾರ. "ಮನೆ ಒಡೆಯಿತು ಎಂದು ಜನ ಆಡಿಕೊಂಡಾರು" ಎಂಬ ಅಂಜಿಕೆಯಿಂದ ಇದನ್ನು ಮುಂದೂಡುವವರೇ ಹೆಚ್ಚು.

ಇನ್ನು ಲೆಕ್ಕವನ್ನು ಕೈಗೆ ತೆಗೆದುಕೊಂಡ ತಾಯಿ ನೋಡಬೇಕಾದ ಕಾಗದಗಳ ವಿಚಾರ. ಎಲ್ಲಕ್ಕೂ ಮೊದಲು ನಾಮನಿರ್ದೇಶನ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟರು. ಅದರ ಜತೆಗೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿ, ಬ್ಯಾಂಕಿನ ಖಾತೆ, ಅಂಚೆ ಕಚೇರಿಯ ಠೇವಣಿ. ಮದುವೆಯಾದ ಹೊಸತರಲ್ಲಿ ಇವೆಲ್ಲದರಲ್ಲೂ ಗಂಡನ ಹೆಸರು ಬರೆದಿರುವುದು ಸಹಜ. ನ್ಯಾಯಾಲಯ ಮದುವೆಯನ್ನು ಕಡಿದ ಮಾತ್ರಕ್ಕೆ ಕಚೇರಿಯ ಕಡತದಲ್ಲಿರುವ ಆ ಹೆಸರು ತಾನಾಗಿ ಅಳಿಯುತ್ತದೆಂದು ನಂಬಿ ಕೂಡುವಂತಿಲ್ಲ. ನಾಮಿನಿ ಹಣ ಪಡೆಯುವವನೇ ಹೊರತು ಒಡೆಯನಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1983ರಲ್ಲಿ ಸರಬತಿ ದೇವಿ ಪ್ರಕರಣದಲ್ಲಿ ಹೇಳಿತ್ತು. ಆದರೆ 2015ರಲ್ಲಿ ವಿಮಾ ಕಾಯಿದೆಗೆ ಆದ ತಿದ್ದುಪಡಿಯ ನಂತರ ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಗಳಾಗಿದ್ದರೆ ವಿಮೆಯ ಹಣಕ್ಕೆ ಅವರೇ ಹಕ್ಕುದಾರರು. ಹಳೆಯ ಹೆಸರು ಉಳಿದುಬಿಟ್ಟರೆ ಮಗುವಿನ ಪಾಲಿಗೆ ಒಂದು ವ್ಯಾಜ್ಯವನ್ನು ಆಸ್ತಿಯಾಗಿ ಬಿಟ್ಟುಹೋದಂತೆ. ಮಗುವನ್ನೇ ನಾಮಿನಿ ಮಾಡಿದರೂ ಅದು ದೊಡ್ಡದಾಗುವವರೆಗೆ ಹಣವನ್ನು ಪಡೆದು ಕಾಯುವವರು ಯಾರೆಂಬುದನ್ನು ಪಾಲಿಸಿಯಲ್ಲೇ ಬರೆಸಬೇಕು.

ಉಯಿಲಿನ ಮಾತು ಎತ್ತಿದರೆ ಮನೆಯವರು "ಅಶುಭ ನುಡಿಯಬೇಡ" ಎನ್ನುತ್ತಾರೆ. ಮೂವತ್ತೈದು ವರ್ಷದ ವಿಚ್ಛೇದಿತ ತಾಯಿಗೆ ಉಯಿಲು ಎಪ್ಪತ್ತು ವರ್ಷದ ಶ್ರೀಮಂತನಿಗಿಂತಲೂ ಹೆಚ್ಚು ಅಗತ್ಯ. ಉಯಿಲಿಲ್ಲದೆ ಆಕೆ ತೀರಿಕೊಂಡರೆ ಮಾಜಿ ಪತಿ ವಾರಸುದಾರನಲ್ಲ. ಆಸ್ತಿ ಮಗುವಿಗೆ ಹೋಗುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಮಗು ಅಪ್ರಾಪ್ತ. ಅದರ ಸ್ವಾಭಾವಿಕ ಪಾಲಕನಾಗಿ ಉಳಿಯುವವನು ತಂದೆ. ಯಾರಿಂದ ಹಣ ಬರಲಿಲ್ಲವೋ ಅವನೇ ತಾಯಿಯ ಉಳಿತಾಯದ ಬೀಗದ ಕೈ ಹಿಡಿಯುವ ಸಂದರ್ಭ ಬಂದೀತು. ತನ್ನ ನಂಬಿಕೆಯ ವ್ಯಕ್ತಿಯೊಬ್ಬರನ್ನು ಟ್ರಸ್ಟಿಯಾಗಿ ನೇಮಿಸಿ, ಮಗು ಪ್ರಾಯಕ್ಕೆ ಬರುವವರೆಗೆ ಹಣ ಅವರ ಕೈಯಲ್ಲಿರಬೇಕೆಂದು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದರೆ ಮುಗಿಯಿತು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಲೇಸು.

ತೆರಿಗೆಯ ಒಂದು ಸೂಕ್ಷ್ಮವೂ ಇದೆ. ಅಪ್ರಾಪ್ತ ಮಗುವಿನ ಹೆಸರಿನಲ್ಲಿರುವ ಠೇವಣಿಯ ಬಡ್ಡಿಯನ್ನು ಸಾಮಾನ್ಯವಾಗಿ ತಂದೆತಾಯಿಗಳಲ್ಲಿ ಹೆಚ್ಚು ಆದಾಯದವರ ಲೆಕ್ಕಕ್ಕೆ ಸೇರಿಸುತ್ತಾರೆ. ಮದುವೆ ಮುರಿದಿದ್ದರೆ ಮಗುವನ್ನು ಸಾಕುವವರ ಲೆಕ್ಕಕ್ಕೆ. ಆದ್ದರಿಂದ ತಂದೆ ಇಟ್ಟ ಠೇವಣಿಯ ಬಡ್ಡಿಯೂ ತಾಯಿಯ ತೆರಿಗೆಯ ಪತ್ರದಲ್ಲಿ ಕಾಣಬೇಕಾದೀತು. ಹೆಂಡತಿಗೆ ಒಂದೇ ಗಂಟಾಗಿ ಬಂದ ಜೀವನಾಂಶ ಬಂಡವಾಳ ಸ್ವರೂಪದ್ದು, ತಿಂಗಳು ತಿಂಗಳು ಬರುವುದು ಆದಾಯ ಎಂಬ ಭೇದವನ್ನು ಮುಂಬಯಿ ಉಚ್ಚ ನ್ಯಾಯಾಲಯ ಪ್ರತಾಪಗಢದ ರಾಜಕುಮಾರಿಯೊಬ್ಬರ ಪ್ರಕರಣದಲ್ಲಿ 1980ರ ದಶಕದಲ್ಲೇ ಮಾಡಿತ್ತು. ಕೊಡುವವನು ಸಂಬಳದಾರನಾಗಿದ್ದರೆ ತಿಂಗಳ ಕಂತು ಒಳ್ಳೆಯದು, ಸಂಬಳದಿಂದ ಕಡಿತ ಮಾಡಿಸಬಹುದು. ಕೊಡುವವನು ವ್ಯಾಪಾರಿಯಾಗಿದ್ದರೆ ಒಂದೇ ಗಂಟು ಒಳ್ಳೆಯದು. ಕಾರಣವನ್ನು ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ. ಬಂದ ಗಂಟಿನಲ್ಲಿ ಒಂದು ಭಾಗ ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೆ ಹೋಗಬಹುದು; ಹತ್ತು ವರ್ಷ ತುಂಬುವುದರೊಳಗೆ ಖಾತೆ ತೆರೆದಿರಬೇಕು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಿದೆ. ಆರು ತಿಂಗಳ ಮನೆಖರ್ಚು ಕೈಗೆ ಎಟಕುವ ಖಾತೆಯಲ್ಲಿ ಉಳಿದ ಮೇಲೆಯೇ ಉಳಿದ ಯೋಜನೆಗಳೆಲ್ಲ.

ತಾಯಿಯ ಸಹಿಗೆ ಬೆಲೆ ತರಲು ಎಷ್ಟು ಕಾಲ ಬೇಕಾಯಿತೆಂಬುದನ್ನು ನೆನೆಯುವುದು ಒಳ್ಳೆಯದು. ಕಾದಂಬರಿಗಾರ್ತಿ ಗೀತಾ ಹರಿಹರನ್ ಅವರು 1984ರಲ್ಲಿ ತಮ್ಮ ಚಿಕ್ಕ ಮಗನ ಹೆಸರಿನಲ್ಲಿ ರಿಲೀಫ್ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕು ಪಾಲಕಿಯಾಗಿ ಅವರ ಸಹಿಯನ್ನು ಒಪ್ಪದೆ ತಂದೆಯ ಸಹಿಯನ್ನು ಕೇಳಿತು. ಅವರು ಪತಿಯೊಡನೆ ಸಂಸಾರ ಮಾಡುತ್ತಿದ್ದವರು. ಪತಿಯ ಸಮ್ಮತಿಯೂ ಇತ್ತು. ತಂದೆಯ "ನಂತರ" ತಾಯಿ ಎಂಬ 1956ರ ಕಾಯಿದೆಯ ಮಾತಿಗೆ ತಂದೆಯ ಮರಣಾನಂತರ ಎಂದಷ್ಟೇ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದಿರುವ ಸ್ಥಿತಿಗೂ ಅದು ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1999ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಹದಿನಾಲ್ಕು ವರ್ಷಗಳು ಕಳೆದಿದ್ದವು. 2018ರ ಡಿಸೆಂಬರ್ 5ರಿಂದ ಪ್ಯಾನ್ ಕಾರ್ಡಿನ ಅರ್ಜಿಯಲ್ಲಿಯೂ ತಾಯಿ ಒಬ್ಬಳೇ ಪಾಲಕಿಯಾಗಿದ್ದರೆ ತಂದೆಯ ಹೆಸರು ಕಡ್ಡಾಯವಲ್ಲ ಎಂದಾಯಿತು.

ಜೈನ ಸಮಾಜಕ್ಕೆ ಇದು ಹೊಸ ಪಾಠವಾಗಬೇಕಾಗಿರಲಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಹೇಳದ ಸಮಾರಂಭವಿಲ್ಲ. ಪತಿ ನಾಗದೇವ ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಮಗ ಅಣ್ಣಿಗನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಸಾವಿರ ಓಲೆಯ ಪ್ರತಿಗಳ ಖರ್ಚನ್ನು ಲೆಕ್ಕವಿಲ್ಲದೆ ಮಾಡಲಾಗದು. ಗಂಡನಿಲ್ಲದ, ಚಿಕ್ಕ ಮಗನಿದ್ದ ಆ ಹೆಣ್ಣುಮಗಳ ಭಂಡಾರದ ಬೀಗದ ಕೈ ಆಕೆಯ ಕೈಯಲ್ಲೇ ಇತ್ತು. ಅಣಶಿಯಿರುವ ಉತ್ತರ ಕನ್ನಡ ಜಿಲ್ಲೆಯಲ್ಲೇ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ ಹದಿನಾರನೆಯ ಶತಮಾನದಲ್ಲಿ ಅರ್ಧ ಶತಮಾನ ಆಳಿದಳು. ಪೋರ್ತುಗೀಜರು ಆಕೆಯನ್ನು ಕರಿಮೆಣಸಿನ ರಾಣಿ ಎಂದು ಕರೆದದ್ದು ಆಕೆಯ ವ್ಯಾಪಾರದ ಬಿಗಿಯನ್ನು ಕಂಡು. ಇವರ ಭಾವಚಿತ್ರಗಳಿಗೆ ಹಾರ ಹಾಕಿದ ಕೈಯೇ ಮಾರನೆಯ ದಿನ "ಹೆಣ್ಣುಮಗಳಿಗೆ ಹಣದ ವ್ಯವಹಾರ ತಿಳಿಯದು" ಎಂದು ಪಂಚಾಯಿತಿಯ ಕಾಗದ ಬರೆಯುತ್ತದೆ.

ಆ ಕಾಗದ ಬರೆಯುವವರಲ್ಲಿ ಒಂದು ಬೇಡಿಕೆಯನ್ನು ಇಡಬಹುದು. ಒಡವೆಗಳ ಪಟ್ಟಿಯನ್ನು ಗ್ರಾಂ ಲೆಕ್ಕದಲ್ಲಿ ಬರೆಯದೆ, ಮಗುವಿನ ತಿಂಗಳ ಮೊತ್ತವನ್ನೂ ಅದರ ವಾರ್ಷಿಕ ಏರಿಕೆಯನ್ನೂ ಬೇರೆ ಕಲಮಿನಲ್ಲಿ ನಮೂದಿಸದೆ, ಯಾವ ಒಪ್ಪಿಗೆ ಪತ್ರಕ್ಕೂ ಪಂಚರು ಸಾಕ್ಷಿ ಹಾಕಬಾರದು. ಸಮಾಜದ ವಿದ್ಯಾರ್ಥಿನಿಲಯಗಳ, ವಿದ್ಯಾರ್ಥಿವೇತನ ನಿಧಿಗಳ ಆಡಳಿತ ಮಂಡಳಿಗಳೂ ತಮ್ಮ ಅರ್ಜಿಯ ನಮೂನೆಗಳನ್ನು ಒಮ್ಮೆ ತೆಗೆದು ನೋಡಬೇಕು. ಆದಾಯ ತೆರಿಗೆ ಇಲಾಖೆ 2018ರಲ್ಲಿ ಬಿಟ್ಟ ಷರತ್ತು ಅಲ್ಲಿ "ತಂದೆಯ ಸಹಿ" ಎಂಬ ಗೆರೆಯಾಗಿ ಇನ್ನೂ ಉಳಿದಿದ್ದರೆ, ಬರುವ ಜೂನಿನ ಪ್ರವೇಶಕ್ಕೆ ಮೊದಲು ಅದರ ಜಾಗದಲ್ಲಿ "ತಂದೆ ಅಥವಾ ತಾಯಿಯ ಸಹಿ" ಎಂದು ಅಚ್ಚು ಹಾಕಿಸಬೇಕು.